ಬೋರಿನ ನೀರಿನ ಊರಲ್ಲಿ ಚೆರ್ರಿ ಸೀಗಡಿ: ನೈಟ್ರೇಟ್ ಇಳಿಸುವುದು, ನೀರು ಸೋಸುವುದು

ಭಾನುವಾರ ನೀರು ಬದಲಿಸಿದರೆ ಮಂಗಳವಾರವೋ ಬುಧವಾರವೋ ಒಂದೆರಡು ಸೀಗಡಿ ಸತ್ತಿರುತ್ತಿದ್ದವು. ಸಿಂಧನೂರಿನ ನಮ್ಮ ಮನೆಯಲ್ಲಿ ಎರಡಡಿ ಉದ್ದದ ಗಾಜಿನ ಟ್ಯಾಂಕ್ ಇದೆ. ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕೆಂಪು ಚೆರ್ರಿ ಸೀಗಡಿಗಳು. ಸಾವು ಕಂಡು ಗಾಬರಿಯಾಗಿ ನಾನು ಮಾಡಿದ ಕೆಲಸ ಅಂದರೆ ಇನ್ನೂ ಜಾಸ್ತಿ ನೀರು ಬದಲಿಸಿದ್ದು. ವಾರಕ್ಕೊಂದು ಸಲ ಇದ್ದದ್ದು ಎರಡು ಸಲ ಆಯಿತು. ಸಾವೂ ಜಾಸ್ತಿ ಆಯಿತು.

ಕೊನೆಗೆ ಟೆಸ್ಟ್ ಕಿಟ್ ತರಿಸಿದೆ. ಕಿಟ್‌ನ ಹನಿ ಹಾಕಿದಾಗ ಟ್ಯಾಂಕಿನ ನೀರು ಕಡುಗೆಂಪಾಯಿತು, ಅಂದರೆ 80 ಪಿಪಿಎಂ (ಲೀಟರಿಗೆ 80 ಮಿಲಿಗ್ರಾಂ) ನೈಟ್ರೇಟ್. ಪಕ್ಕದಲ್ಲಿ ಬಕೆಟ್ ಇತ್ತು, ಬದಲಿಸಲು ಹಿಡಿದಿಟ್ಟ ಬೋರಿನ ನೀರು. ಅದನ್ನೂ ಪರೀಕ್ಷೆ ಮಾಡಿದೆ. ಅದೂ ಅಷ್ಟೇ ಕೆಂಪು. ಸೀಗಡಿ ಉಳಿಸಬೇಕು ಅಂತ ನಾನು ಸುರಿಯುತ್ತಿದ್ದದ್ದೇ ನೈಟ್ರೇಟ್ ತುಂಬಿದ ನೀರು.

ಪಕ್ಕದ ಮನೆಯ ಕಾಕಾ ಭತ್ತ ಬೆಳೆಯುವವರು. ಅವರಿಗೆ ಟ್ಯೂಬ್ ತೋರಿಸಿದೆ. ನೋಡಿ ಒಂದೇ ಮಾತು ಹೇಳಿದರು: "ಈ ನೀರು ಗಿಡಕ್ಕ ಬಿಟ್ರ ಯೂರಿಯಾ ಕಡಿಮಿ ಹಾಕಿದ್ರೂ ನಡೀತದ ನೋಡಪಾ." ನೂರಕ್ಕೆ ನೂರು ಸರಿಯಾದ ಮಾತು ಅದು.

ಅಕ್ವೇರಿಯಂ ಬಗ್ಗೆ ಸಿಗುವ ಸಲಹೆಯೆಲ್ಲ "ನೀರು ಬದಲಿಸಿ, ನೈಟ್ರೇಟ್ ಇಳಿಯುತ್ತದೆ" ಅನ್ನುತ್ತದೆ. ಹೊಸ ನೀರು ಒಳ್ಳೆಯದಿದ್ದ ಊರಿಗೆ ಅದು ಸರಿ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಕೆಲಸ ಶುರು ಮಾಡಬೇಕಾದದ್ದು ಟ್ಯಾಂಕಿನಿಂದ ಅಲ್ಲ, ಬಕೆಟ್‌ನಿಂದ.

ನಮ್ಮ ನೀರಿಗೆ ನೈಟ್ರೇಟ್ ಬರುವುದು ಎಲ್ಲಿಂದ

ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಎಲ್ಲ ಭತ್ತದ ನಾಡು. ಆ ಕಡೆ ಸಿರುಗುಪ್ಪವೂ ಹಾಗೇ. ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ ಇರುತ್ತದೆ. ಪೈರು ಹೀರದೆ ಬಿಟ್ಟದ್ದು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗುವ ವಸ್ತು, ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ನೀರಿನ ಜೊತೆ ಕೆಳಗೆ ಇಳಿದು ಅಂತರ್ಜಲ ಸೇರುತ್ತದೆ. ಊರೊಳಗಿನ ಬೋರಿಗೆ ಇನ್ನೂ ಎರಡು ದಾರಿಗಳಿವೆ. ಒಂದು ಶೌಚದ ಗುಂಡಿ, ಇನ್ನೊಂದು ತಿಪ್ಪೆಗುಂಡಿ. ಬೋರು ಅವುಗಳ ಹತ್ತಿರ ಇದ್ದಷ್ಟೂ ಅನುಮಾನ ಜಾಸ್ತಿ ಇರಲಿ.

ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಸೀಗಡಿ ಟ್ಯಾಂಕಿಗೆ 20ರ ಒಳಗೆ ಇಟ್ಟುಕೊಳ್ಳಬೇಕು. 10ರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ನೈಟ್ರೇಟ್ ಒಂದೇ ದಿನಕ್ಕೆ ಕೊಲ್ಲುವ ವಿಷವಲ್ಲ. ಮೆಲ್ಲಗೆ ಸೊರಗಿಸುತ್ತದೆ. ಮೊದಲು ಮೊಟ್ಟೆ ನಿಲ್ಲುವುದಿಲ್ಲ, ಆಮೇಲೆ ಮರಿ ಉಳಿಯುವುದಿಲ್ಲ, ಆಮೇಲೆ ಪೊರೆ ಬಿಡುವಾಗ ದೊಡ್ಡವು ಸಾಯುತ್ತವೆ. ನಾವು ಎಚ್ಚರ ಆಗುವುದು ಮೂರನೆಯದಕ್ಕೆ.

ಒಂದು ಮಾತು, ಇದು ಸೀಗಡಿಗಿಂತ ದೊಡ್ಡದು. ಅದೇ ಬೋರಿನ ನೀರನ್ನು ಮನೆಯಲ್ಲಿ ಕುಡಿಯುತ್ತಿದ್ದರೆ, ಅದರಲ್ಲೂ ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲಸಲು ಬಳಸುತ್ತಿದ್ದರೆ, ಇವತ್ತೇ ನಿಲ್ಲಿಸಿ ನೀರಿನ ಪರೀಕ್ಷೆ ಮಾಡಿಸಿ. ಜಾಸ್ತಿ ನೈಟ್ರೇಟ್ ಕೂಸಿನ ರಕ್ತ ಆಮ್ಲಜನಕ ಒಯ್ಯದಂತೆ ಮಾಡುತ್ತದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಹಂತ 1: ಪರೀಕ್ಷೆ

ಪಟ್ಟಿಯ ಕಿಟ್‌ಗಿಂತ ಹನಿ ಹಾಕುವ ದ್ರವದ ಕಿಟ್ ವಾಸಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ನಾಲ್ಕೂ ಇರಲಿ. ಗಡಸುತನ ಅಳೆಯುವ ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂ), ಕೆಎಚ್ (ಕಾರ್ಬೊನೇಟ್) ಕಿಟ್ ಬೇರೆ ಬರುತ್ತದೆ. ಜೊತೆಗೆ ಕರಗಿದ ಉಪ್ಪು ಅಳೆಯುವ ಒಂದು ಟಿಡಿಎಸ್ ಮೀಟರ್.

ನೈಟ್ರೇಟ್ ಪರೀಕ್ಷೆಯಲ್ಲಿ ಬಹಳ ಜನ ತಪ್ಪುವುದು ಎರಡನೇ ಬಾಟಲಿಯಲ್ಲಿ. ಅದರ ತಳದಲ್ಲಿ ಸಣ್ಣ ಪುಡಿ ಕೂತು ಗಟ್ಟಿಯಾಗಿರುತ್ತದೆ. ಬಾಟಲಿಯನ್ನು ಅಂಗೈಗೆ ಹೊಡೆದು ಹೊಡೆದು ಆ ಪುಡಿ ಏಳಿಸಬೇಕು. ಆಮೇಲೆ ಅರ್ಧ ನಿಮಿಷ ಜೋರಾಗಿ ಅಲುಗಾಡಿಸಬೇಕು. ಹನಿ ಹಾಕಿದ ಮೇಲೆ ಟ್ಯೂಬನ್ನು ಪೂರ್ತಿ ಒಂದು ನಿಮಿಷ ಕುಲುಕಬೇಕು. ಐದು ನಿಮಿಷ ಬಿಟ್ಟು, ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮುಂದೆ ಹಿಡಿದು ನೋಡಬೇಕು. ಸುಮ್ನೆ ನಾಲ್ಕು ಸಲ ಅಲ್ಲಾಡಿಸಿ ಬಿಟ್ಟರೆ ಹಳದಿ ಬಣ್ಣ ಬರುತ್ತದೆ, "ನಮ್ಮ ನೀರಲ್ಲಿ ಏನೂ ಇಲ್ಲ" ಅಂತ ನಾವು ನೆಮ್ಮದಿಯಾಗುತ್ತೇವೆ. ಆ ಸುಳ್ಳು ನೆಮ್ಮದಿ ಎಷ್ಟೋ ಟ್ಯಾಂಕ್ ಹಾಳು ಮಾಡಿದೆ. ಕಡುಗೆಂಪು ಬಂದರೆ 40, 80ರ ನಡುವೆ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ. ಆಗ ಒಂದು ಭಾಗ ನಿಮ್ಮ ನೀರಿಗೆ ಮೂರು ಭಾಗ ಡಿಸ್ಟಿಲ್ಡ್ ನೀರು ಸೇರಿಸಿ ಪರೀಕ್ಷಿಸಿ, ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿ.

ಲ್ಯಾಬ್ ವರದಿ ತರಿಸಿದರೆ ಒಂದು ವಿಷಯ ಗಮನಿಸಿ. ಕೆಲವರು "ನೈಟ್ರೇಟ್" ಅಂತ ಬರೆಯುತ್ತಾರೆ, ಕೆಲವರು "ನೈಟ್ರೇಟ್ ರೂಪದ ಸಾರಜನಕ" ಅಂತ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. 10 ಅಂತ ಬರೆದದ್ದು ನಿಜಕ್ಕೂ 44 ಇರಬಹುದು.

ಮನೆಗೆ ಬರುವ ಪ್ರತಿ ನೀರನ್ನೂ ಬೇರೆ ಬೇರೆ ಪರೀಕ್ಷಿಸಿ ಬರೆದಿಡಿ. ಬೋರು, ನಳದ ನೀರು, ಶುದ್ಧ ನೀರಿನ ಘಟಕದ ಕ್ಯಾನ್, ಮನೆಯ ಆರ್‌ಒ, ಎಲ್ಲ. ಟಿಡಿಎಸ್ ಮೀಟರ್ ನೋಡಿ ನೈಟ್ರೇಟ್ ಊಹಿಸಬೇಡಿ. ಅದು ಕರಗಿದ ಉಪ್ಪುಗಳ ಒಟ್ಟು ಲೆಕ್ಕ ಹೇಳುತ್ತದೆ, ಯಾವ ಉಪ್ಪು ಅಂತ ಹೇಳುವುದಿಲ್ಲ.

ಹಂತ 2: ಲೆಕ್ಕ

ಟ್ಯಾಂಕಿನೊಳಗೆ ಆಹಾರ, ಹಿಕ್ಕೆ ಕೊಳೆತು ವಾರಕ್ಕೆ 5 ಪಿಪಿಎಂ ನೈಟ್ರೇಟ್ ಹುಟ್ಟುತ್ತದೆ ಅಂದುಕೊಳ್ಳಿ. ವಾರಕ್ಕೆ ಕಾಲು ಭಾಗ ನೀರು ಬದಲಿಸುತ್ತೀರಿ. ಹೊಸ ನೀರಿನಲ್ಲಿ ನೈಟ್ರೇಟ್ ಸೊನ್ನೆ ಇದ್ದರೆ, ಕೆಲವು ತಿಂಗಳಲ್ಲಿ ಟ್ಯಾಂಕ್ 20ಕ್ಕೆ ಬಂದು ನಿಲ್ಲುತ್ತದೆ. ಹೊಸ ನೀರಿನಲ್ಲೇ 40 ಇದ್ದರೆ ನಿಲ್ಲುವುದು 60ಕ್ಕೆ. ಸೂತ್ರ ಸುಲಭ. ವಾರಕ್ಕೆ ಹುಟ್ಟುವುದನ್ನು ಬದಲಿಸುವ ಭಾಗದಿಂದ ಭಾಗಿಸಿ, ಹೊಸ ನೀರಿನ ನೈಟ್ರೇಟ್ ಕೂಡಿಸಿ. 5 ಭಾಗಿಸು ಕಾಲು ಅಂದರೆ 20, ಅದಕ್ಕೆ 40.

ದಿನಾ ನೀರು ಬದಲಿಸಿದರೂ ಟ್ಯಾಂಕ್ ಹೊಸ ನೀರಿಗಿಂತ ಚೆನ್ನಾಗಿ ಆಗುವುದಿಲ್ಲ. ಆಹಾರ ಅರ್ಧ ಮಾಡಿದರೆ ಒಳಗೆ ಹುಟ್ಟುವ 20ರ ಪಾಲು 10ಕ್ಕೆ ಬರುತ್ತದೆ. ಹೊಸ ನೀರು ಸರಿಮಾಡುವುದು ಮೊದಲ ಕೆಲಸ, ಕಡಿಮೆ ತಿನ್ನಿಸುವುದು ಎರಡನೆಯದು. ಉಳಿದದ್ದೆಲ್ಲ ಆಮೇಲೆ.

ಹಂತ 3: ಸ್ಪಾಂಜ್ ಫಿಲ್ಟರ್, ತಾಳ್ಮೆ

ಹಿಕ್ಕೆ, ಉಳಿದ ಆಹಾರದಿಂದ ಮೊದಲು ಅಮೋನಿಯಾ ಆಗುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿ ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಸೊನ್ನೆ ಇರಲೇಬೇಕು. ಫಿಲ್ಟರಿನ ಕೆಲಸ ಇಷ್ಟೇ. ಮಾಮೂಲಿ ಫಿಲ್ಟರ್ ನೈಟ್ರೇಟ್ ತೆಗೆಯುವುದಿಲ್ಲ, ಹುಟ್ಟಿಸುತ್ತದೆ. ಕ್ಯಾಂಡಲ್ ಫಿಲ್ಟರ್, ಇದ್ದಿಲು ಇವೂ ನೈಟ್ರೇಟ್ ಹಿಡಿಯುವುದಿಲ್ಲ.

ನಮ್ಮ ನೀರಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಇದು ಮುಖ್ಯ. ಅಮೋನಿಯಾದ ವಿಷದ ರೂಪ ಪಿಎಚ್ ಮತ್ತು ಬಿಸಿಯ ಜೊತೆ ಏರುತ್ತದೆ. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ನೂರಕ್ಕೆ ಒಂದಕ್ಕೂ ಕಡಿಮೆ. ಪಿಎಚ್ 8 ಆದರೆ ಏಳಕ್ಕಿಂತ ಜಾಸ್ತಿ. ತಂಪು ಊರಿನವರು ದಾಟಿಸಿಕೊಳ್ಳುವ ತಪ್ಪು ನಮ್ಮಲ್ಲಿ ದಾಟುವುದಿಲ್ಲ.

ಸೀಗಡಿಗೆ ಏರ್ ಪಂಪ್‌ನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಬಿಟ್ಟು ಬೇರೆ ಹುಡುಕಬೇಡಿ. ಮೋಟರ್ ಇರುವ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ. 50 ಲೀಟರಿಗೆ ಒಂದು ಸಾಕು, ಆದರೂ ನಾನು ಎರಡು ಇಡುತ್ತೇನೆ. ಒಂದನ್ನು ತೊಳೆದಾಗ ಇನ್ನೊಂದು ಮುಟ್ಟದೆ ಇರುತ್ತದೆ. ತೊಳೆಯುವುದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ಬಕೆಟ್ಟಿನಲ್ಲಿ ನಾಲ್ಕು ಸಲ ಹಿಂಡಿದರೆ ಸಾಕು. ನಳದ ನೀರಿನ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ.

ಹೊಸ ಟ್ಯಾಂಕ್ ಆದರೆ ನಾಲ್ಕರಿಂದ ಆರು ವಾರ ಸೀಗಡಿ ಇಲ್ಲದೆ ನಡೆಸಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್. ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಂತ ಮೇಲೆ ಸೀಗಡಿ ತನ್ನಿ. ಪರಿಚಯದವರ ಹಳೇ ಟ್ಯಾಂಕಿನಿಂದ ಕೊಳೆಯಾದ ಸ್ಪಾಂಜ್ ಒಂದು ಸಿಕ್ಕಿದರೆ ಈ ಕಾಲ ಬಹಳ ಕಡಿಮೆಯಾಗುತ್ತದೆ.

ಹಂತ 4: ಹೊಸ ನೀರು ತಯಾರಿ

ನಳದಲ್ಲಿ ಬರುವ ಕಾಲುವೆ ಅಥವಾ ನದಿಯ ನೀರು ಬಹಳ ಸಲ ಬೋರಿಗಿಂತ ಎಷ್ಟೋ ಒಳ್ಳೆಯದು. ಪರೀಕ್ಷಿಸಿ, 10ರ ಒಳಗಿದ್ದರೆ ಅದನ್ನೇ ಬಳಸಿ. ಬಾಯಿ ತೆರೆದ ಬಕೆಟ್ಟಿನಲ್ಲಿ ಏರ್ ಸ್ಟೋನ್ (ಏರ್ ಪಂಪ್‌ನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ 24 ಗಂಟೆ ಬಿಟ್ಟರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಕೆರೆ ತಳ ಕಂಡಾಗ ಅದೇ ನಳದಲ್ಲಿ ಬೋರಿನ ನೀರು ಬರುವುದುಂಟು. ನಳ ಅದೇ, ನೀರು ಬೇರೆ. ಹಾಗಾಗಿ ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿ. ಗದ್ದೆಯಿಂದ ಹೊರಬೀಳುವ ನೀರು, ಹಳ್ಳದ ನೀರು ಮಾತ್ರ ಬೇಡವೇ ಬೇಡ. ಭತ್ತಕ್ಕೆ ಹೊಡೆದ ಕೀಟನಾಶಕ ಅದರಲ್ಲಿರುತ್ತದೆ. ಸೀಗಡಿಯೂ ಕೀಟದ ಸಂಬಂಧಿಯೇ, ಒಂದು ಬಕೆಟ್ ನೀರು ಸಾಕು ಇಡೀ ಟ್ಯಾಂಕ್ ಹೋಗಲು.

ಒಳ್ಳೆಯ ನಳದ ನೀರು ಇಲ್ಲದವರಿಗೆ ಆರ್‌ಒ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸುವ 20 ಲೀಟರ್ ಕ್ಯಾನ್ ಸಾಕು. ಆದರೆ ಆರ್‌ಒ ಮೆಂಬ್ರೇನ್ ನೈಟ್ರೇಟನ್ನು ಬೇರೆ ಉಪ್ಪುಗಳಷ್ಟು ಚೆನ್ನಾಗಿ ತಡೆಯುವುದಿಲ್ಲ. ಹಳೆಯದಾದರೆ ಇನ್ನೂ ಸೋರುತ್ತದೆ. ಬೋರಿನಲ್ಲಿ 80 ಇದ್ದರೆ ಆರ್‌ಒ ನೀರಿನಲ್ಲಿ 10 ಉಳಿದಿದ್ದರೆ ಆಶ್ಚರ್ಯಪಡಬೇಡಿ. ಮನೆಯಲ್ಲೇ ಆರ್‌ಒ ಇದ್ದರೆ ಹೊರಬಿಡುವ ನೀರನ್ನು ಪಾತ್ರೆ, ಅಂಗಳ ತೊಳೆಯಲು ಹಿಡಿದಿಡಿ. ನೀರಿಲ್ಲದ ಸೀಮೆ ನಮ್ಮದು.

ಆರ್‌ಒ ನೀರನ್ನು ನೇರ ಹಾಕಬಾರದು. ಸೀಗಡಿಗೆ ಚಿಪ್ಪು ಕಟ್ಟಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕು. ಜಿಎಚ್ 6ರಿಂದ 8, ಕೆಎಚ್ 2ರಿಂದ 4, ಟಿಡಿಎಸ್ 200ರಿಂದ 300 ಇದ್ದರೆ ಚೆರ್ರಿ ಸೀಗಡಿ ಸುಖವಾಗಿರುತ್ತದೆ. ಬೋರಿನ ನೀರಿನ ನೈಟ್ರೇಟ್ ಕಡಿಮೆ ಇದ್ದು ಗಡಸು ಮಾತ್ರ ಜಾಸ್ತಿ ಇದ್ದರೆ ಅದನ್ನೇ ಸ್ವಲ್ಪ ಬೆರೆಸಿ, ಬೇರೇನೂ ಬೇಡ. ನಮ್ಮ ಬೋರಿನಂತಿದ್ದರೆ ಬೆರೆಸುವುದು ನಡೆಯುವುದಿಲ್ಲ. ಜಿಎಚ್ 36, ನೈಟ್ರೇಟ್ 80 ಇರುವ ನೀರು ಒಂದು ಭಾಗ, ನೈಟ್ರೇಟ್ 10 ಇರುವ ಆರ್‌ಒ ಐದು ಭಾಗ ಸೇರಿಸಿದರೆ ಜಿಎಚ್ 6 ಬರುತ್ತದೆ, ಆದರೆ ನೈಟ್ರೇಟ್ 21ರ ಮೇಲೆ ಹೋಗುತ್ತದೆ.

ಆಗ ಉಪ್ಪುಗಳನ್ನು ನಾವೇ ಹಾಕಬೇಕು. 20 ಲೀಟರ್ ಆರ್‌ಒ ನೀರಿಗೆ ನಾನು ಹಾಕುವುದು ಇಷ್ಟು: ಶುದ್ಧ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, 2.5 ಗ್ರಾಂ. ಎಪ್ಸಂ ಉಪ್ಪು 1.75 ಗ್ರಾಂ. ಅಡುಗೆ ಸೋಡಾ 1.2 ಗ್ರಾಂ. ಇದರಿಂದ ಜಿಎಚ್ 6, ಕೆಎಚ್ 2 ಏರುತ್ತದೆ, ಟಿಡಿಎಸ್ ಸುಮಾರು 200 ಕೂಡುತ್ತದೆ. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಚಮಚದ ಅಂದಾಜು ಬೇಡ. ಗೊಬ್ಬರದಂಗಡಿಯ ಜಿಪ್ಸಂ, ಗೋಡೆಗೆ ಬಳಿಯುವ ಪ್ಲಾಸ್ಟರ್ ಎರಡೂ ಬೇಡ. ಲ್ಯಾಬ್ ಸಾಮಾನು ಮಾರುವವರಲ್ಲಿ ಶುದ್ಧವಾದದ್ದು ಸಿಗುತ್ತದೆ. ಜಿಪ್ಸಂ ಬೇಗ ಕರಗುವುದಿಲ್ಲ. ಏರ್ ಸ್ಟೋನ್ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಮೀಟರ್ ನೋಡಿ.

ಮಳೆ ನೀರು ಇನ್ನೂ ಒಳ್ಳೆಯದು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹತ್ತಡಿ ಉದ್ದ ಹತ್ತಡಿ ಅಗಲದ ಮಾಳಿಗೆಗೆ 10 ಮಿಲಿಮೀಟರ್ ಬಿದ್ದರೂ 90 ಲೀಟರ್ ಆಯಿತು, ನಮ್ಮ ಟ್ಯಾಂಕಿಗೆ ಎರಡು ತಿಂಗಳ ನೀರು. ಮೊದಲ ಒಂದೆರಡು ಮಳೆ ಬಿಟ್ಟು ಹಿಡಿಯಿರಿ, ಧೂಳು ತೊಳೆದು ಹೋಗಲಿ. ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ ಇಡಿ. ಇದಕ್ಕೂ ಮೇಲಿನ ಉಪ್ಪುಗಳೇ.

ಹಂತ 5: ಹನಿ ಹನಿಯಾಗಿ ಬದಲಿಸುವುದು

ಕೆಟ್ಟ ನೀರಿನಲ್ಲಿ ತಿಂಗಳುಗಟ್ಟಲೆ ಇದ್ದ ಸೀಗಡಿಗೆ ಒಳ್ಳೆಯ ನೀರನ್ನೂ ಒಮ್ಮೆಲೇ ಕೊಡಬಾರದು. ಟಿಡಿಎಸ್ ಸಾವಿರ ಇದ್ದದ್ದು ಒಂದೇ ಗಂಟೆಯಲ್ಲಿ ಐನೂರಕ್ಕೆ ಇಳಿದರೆ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡುತ್ತವೆ. ತಲೆಯ ಹಿಂದೆ ಕುತ್ತಿಗೆಯ ಸುತ್ತ ಬಿಳಿ ಉಂಗುರ ಕಾಣಿಸುತ್ತದೆ. ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತವೆ. ನನ್ನ ಭಾನುವಾರದ ಸಾವುಗಳಲ್ಲಿ ಈ ಉಂಗುರವನ್ನು ನಾನು ಕಂಡಿದ್ದೆ. ಏನೆಂದು ಆಗ ಗೊತ್ತಿರಲಿಲ್ಲ.

ಮೆಡಿಕಲ್ ಶಾಪ್‌ನಲ್ಲಿ ಸಲೈನ್ ಹಾಕುವ ಪೈಪಿನ ಸೆಟ್ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ತಯಾರಾದ ನೀರಿನ ಬಕೆಟ್ಟನ್ನು ಟ್ಯಾಂಕಿಗಿಂತ ಎತ್ತರದಲ್ಲಿಡಿ. ಸೂಜಿ ತೆಗೆದುಹಾಕಿ, ಪೈಪಿನ ಒಂದು ತುದಿ ಬಕೆಟ್ಟಿಗೆ, ಇನ್ನೊಂದು ತುದಿ ಟ್ಯಾಂಕಿಗೆ. ಮೊದಲು ಟ್ಯಾಂಕಿನಿಂದ 5 ಲೀಟರ್ ತೆಗೆಯಿರಿ. ಆಮೇಲೆ ಚಕ್ರ ತಿರುಗಿಸಿ, 5 ಲೀಟರ್ ಇಳಿಯಲು ಮೂರ್ನಾಲ್ಕು ಗಂಟೆ ಹಿಡಿಯುವಂತೆ ಬಿಗಿ ಮಾಡಿ. ವಾರಕ್ಕೆ ಎರಡು ಸಲ, ನೂರಕ್ಕೆ ಹತ್ತು ಭಾಗದಷ್ಟು ಮಾತ್ರ. 80ರಿಂದ 20ಕ್ಕೆ ಬರಲು ನನಗೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಸತ್ತವು ಎರಡೇ.

ಹೊಸದಾಗಿ ತಂದ ಸೀಗಡಿಗೂ ಇದೇ ಪೈಪು. ಟ್ಯಾಂಕಿನ ನೀರು ಚೀಲಕ್ಕೆ ಸೆಕೆಂಡಿಗೆ ಎರಡು ಹನಿ, ಚೀಲದ ನೀರು ನಾಲ್ಕು ಪಟ್ಟು ಆಗುವವರೆಗೆ. ಚೀಲದ ನೀರು ಟ್ಯಾಂಕಿಗೆ ಹಾಕಬೇಡಿ.

ಹಂತ 6: ಗಿಡಗಳು

ಕಾಕಾ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಮನಿ ಪ್ಲಾಂಟಿನ ಬಳ್ಳಿ ಕತ್ತರಿಸಿ, ಎಲೆ ಹೊರಗೆ, ಗೆಣ್ಣು ನೀರೊಳಗೆ ಇರುವಂತೆ ಟ್ಯಾಂಕಿನ ಅಂಚಿಗೆ ಸಿಕ್ಕಿಸಿ. ಎರಡು ವಾರದಲ್ಲಿ ಬೇರು ಬಿಡುತ್ತದೆ. ಎರಡು ತಿಂಗಳಲ್ಲಿ ಆ ಬೇರು ಬಿಳಿ ದಾರದ ಗೊಂಚಲಿನ ಹಾಗೆ ಇಳಿದು, ಮರಿಗಳು ಅದರೊಳಗೆ ಮೇಯುತ್ತಿರುತ್ತವೆ. ಜಾವಾ ಮಾಸ್, ಹಾರ್ನ್‌ವರ್ಟ್ ಕೂಡ ಒಳ್ಳೆಯವು. ಅಂತರಗಂಗೆ ಬೇಗ ಹಬ್ಬುತ್ತದೆ, ವಾರಕ್ಕೊಂದು ಹಿಡಿ ಕಿತ್ತು ಹೂಕುಂಡಕ್ಕೆ ಹಾಕಿ. ಕಿತ್ತು ಹೊರಗೆ ಹಾಕಿದರೆ ಮಾತ್ರ ನೈಟ್ರೇಟ್ ಹೊರಗೆ ಹೋದಂತೆ. ಕೊಳೆಯಲು ಬಿಟ್ಟರೆ ಎಲ್ಲ ವಾಪಸ್. ಕೆರೆ, ಕಾಲುವೆಗೆ ಎಸೆಯಬೇಡಿ. ಹಬ್ಬಿದರೆ ತೆಗೆಯಲಾಗದು.

ಹಂತ 7: ಬೇಸಿಗೆ, ಕರೆಂಟ್

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಚೆರ್ರಿ ಸೀಗಡಿಗೆ 22ರಿಂದ 26 ಹಿತ, 30ರ ಮೇಲೆ ಕಷ್ಟ. 25 ಡಿಗ್ರಿಯ ನೀರು ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35ರಲ್ಲಿ ಹಿಡಿಯುವುದು 7. ಅದೇ ಹೊತ್ತಿಗೆ ಸೀಗಡಿ, ಬ್ಯಾಕ್ಟೀರಿಯಾ ಎರಡಕ್ಕೂ ಆಮ್ಲಜನಕ ಜಾಸ್ತಿ ಬೇಕಾಗಿರುತ್ತದೆ. ಟ್ಯಾಂಕನ್ನು ಕೆಳಗಿನ ಮನೆಯಲ್ಲಿ, ಪಡುವಣ ಗೋಡೆಯಿಂದ ದೂರ ಇಡಿ. ಮುಚ್ಚಳ ತೆಗೆದು ನೀರಿನ ಮೇಲೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಿ. ನಮ್ಮದು ಒಣ ಬಿಸಿಲು, ಹಾಗಾಗಿ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಆವಿಯಾದ ನೀರಿನ ಬದಲು ಹಾಕಬೇಕಾದದ್ದು ಉಪ್ಪು ಸೇರಿಸದ ಆರ್‌ಒ ನೀರು. ಆವಿಯಾಗುವುದು ನೀರು ಮಾತ್ರ, ನೈಟ್ರೇಟ್, ಉಪ್ಪು ಒಳಗೇ ಉಳಿಯುತ್ತವೆ. ಇದನ್ನು ಮರೆತು ಬೋರಿನ ನೀರು ತುಂಬಿಸುತ್ತಾ ಹೋದರೆ ಜೂನ್ ಬರುವಷ್ಟರಲ್ಲಿ ಮೊದಲಿನ ಸ್ಥಿತಿಗೇ ಬರುತ್ತೀರಿ.

ಕರೆಂಟ್ ಹೋದಾಗ ತಾನೇ ಶುರುವಾಗುವ, ಬ್ಯಾಟರಿ ಇರುವ ಏರ್ ಪಂಪ್ ಒಂದು ಇರಲಿ. ಸ್ಪಾಂಜಿಗೆ ಬಹಳ ಹೊತ್ತು ಗಾಳಿ ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸಾಯಲು ಶುರುವಾಗುತ್ತವೆ.

ಸೊಳ್ಳೆ ಕಾಯಿಲ್, ಸೊಳ್ಳೆ ಓಡಿಸುವ ಮೆಷಿನ್, ಜಿರಲೆ ಸ್ಪ್ರೇ, ಇವು ಯಾವುದೂ ಟ್ಯಾಂಕ್ ಇರುವ ಕೋಣೆಯಲ್ಲಿ ಬೇಡ. ಅವುಗಳಲ್ಲಿನ ಔಷಧ ಏರ್ ಪಂಪ್ ಮೂಲಕ ನೇರ ನೀರಿಗೆ ಹೋಗುತ್ತದೆ. ಸೊಳ್ಳೆಪರದೆ ಕಟ್ಟಿಕೊಳ್ಳಿ. ಮೀನಿನ ಔಷಧಿಗಳಲ್ಲಿ ತಾಮ್ರ ಇದ್ದರೆ ಮುಟ್ಟಬೇಡಿ, ತಾಮ್ರದ ಕೊಡದಲ್ಲಿ ಇಟ್ಟ ನೀರೂ ಬೇಡ.

ಇಷ್ಟಾದ ಮೇಲೂ ಒಂದು ದಿನ ಸೀಗಡಿ ಸತ್ತು ಬಿದ್ದಿದ್ದರೆ, ನೀರು ಬದಲಿಸಲು ಓಡಬೇಡಿ. ಮೊದಲು ಸತ್ತದ್ದನ್ನು ತೆಗೆಯಿರಿ. ಪಂಪ್ ನಡೆಯುತ್ತಿದೆಯಾ, ನೀರು ಎಷ್ಟು ಬಿಸಿ ಇದೆ ನೋಡಿ. ಆಮೇಲೆ ಅಮೋನಿಯಾ, ನೈಟ್ರೈಟ್, ಟಿಡಿಎಸ್, ನೈಟ್ರೇಟ್ ಈ ಕ್ರಮದಲ್ಲಿ ಪರೀಕ್ಷಿಸಿ. ಮೊದಲ ಎರಡರಲ್ಲಿ ಸೊನ್ನೆಗಿಂತ ಜಾಸ್ತಿ ಕಂಡರೆ ಆಹಾರ ಪೂರ್ತಿ ನಿಲ್ಲಿಸಿ, ತಯಾರಾದ ನೀರು ಹನಿಯಾಗಿ ಬಿಡಿ. ಅದಕ್ಕೇ 20 ಲೀಟರಿನ ಒಂದು ಕ್ಯಾನ್ ಯಾವಾಗಲೂ ಉಪ್ಪು ಬೆರೆಸಿ, ಮುಚ್ಚಿ, ಟ್ಯಾಂಕಿನ ಪಕ್ಕದಲ್ಲೇ ಇಟ್ಟಿರಬೇಕು. ಪಕ್ಕದಲ್ಲೇ ಇದ್ದರೆ ಎರಡರ ಬಿಸಿಯೂ ಒಂದೇ ಇರುತ್ತದೆ.